ಮೇಲಿನ ಮನೆಯ ನೀರು, ಕೆಳಗಿನ ಮನೆಯ ನಷ್ಟ: ಅಪಾರ್ಟ್‌ಮೆಂಟ್ ವಿಮೆಯಲ್ಲಿ ಯಾವುದು ಯಾರ ಪಾಲು?

ಪ್ರಶ್ನೆ: ಬೆಂಗಳೂರಿನ ಕನಕಪುರ ರಸ್ತೆ ಕಡೆ 96 ಫ್ಲಾಟುಗಳ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿ ನಮ್ಮ ಮನೆ. ಕಳೆದ ತಿಂಗಳು ನಾವು ಊರಿಗೆ ಹೋಗಿದ್ದಾಗ ಮೇಲಿನ ಮನೆಯ ಗೀಸರ್ ಪೈಪು ಒಡೆದು ರಾತ್ರಿಯಿಡೀ ನೀರು ಸುರಿದಿದೆ. ನಮ್ಮ ಫಾಲ್ಸ್ ಸೀಲಿಂಗ್, ವಾರ್ಡ್‌ರೋಬ್, ಹಾಸಿಗೆ, ಟಿವಿ ಎಲ್ಲ ಹಾಳು. ಸುಮಾರು 3 ಲಕ್ಷ ನಷ್ಟ. ‘ಬಿಲ್ಡಿಂಗಿಗೆ ಇನ್ಶೂರೆನ್ಸ್ ಇದೆ’ ಅಂತ ಅಸೋಸಿಯೇಷನ್‌ನವರು ಮೊದಲಿನಿಂದಲೂ ಹೇಳುತ್ತಿದ್ದರು. ಈಗ ಕೇಳಿದರೆ ಮನೆಯೊಳಗಿನದು ಬರುವುದಿಲ್ಲವಂತೆ. ಬ್ಯಾಂಕಿನವರು ಸಾಲ ಕೊಡುವಾಗ ವಿಮೆಗೆಂದು ದುಡ್ಡು ಹಿಡಿದಿದ್ದರು. ಅದು ಸಾಲಗಾರ ಸತ್ತರೆ ಮಾತ್ರ ಬರುತ್ತದಂತೆ. ಮೇಲಿನ ಮನೆಯವರು ‘ಪೈಪು ಒಡೆದರೆ ನಾನೇನು ಮಾಡಲಿ’ ಎನ್ನುತ್ತಾರೆ. ಈ ದುಡ್ಡು ಯಾರಿಂದ ಬರಬೇಕು? ಮುಂದೆ ಯಾವ ವಿಮೆ ಮಾಡಿಸಬೇಕು? ಹೋದ ವರ್ಷದ ಮಳೆಗೆ ಬೇಸ್‌ಮೆಂಟಿನಲ್ಲಿದ್ದ ಕಾರಿಗೂ ನೀರು ನುಗ್ಗಿತ್ತು. ಅದು ಬಿಲ್ಡಿಂಗ್ ಪಾಲಿಸಿಯಲ್ಲಿ ಬರುತ್ತಿತ್ತಾ?

ಉತ್ತರ: ಕಹಿ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಹೆಸರಿನಲ್ಲಿ ಮನೆಗೆಂದು ಪಾಲಿಸಿ ಇಲ್ಲದಿದ್ದರೆ ವಾರ್ಡ್‌ರೋಬ್, ಹಾಸಿಗೆ, ಟಿವಿಗೆ ಯಾವ ವಿಮಾ ಕಂಪನಿಯೂ ನೇರವಾಗಿ ದುಡ್ಡು ಕೊಡುವುದಿಲ್ಲ. ಅದನ್ನು ಮೇಲಿನ ಮನೆಯವರಿಂದಲೇ ಕೇಳಬೇಕು. ಆದರೆ ಅಸೋಸಿಯೇಷನ್‌ನವರು ಹೇಳಿದ್ದನ್ನು ಹಾಗೇ ನಂಬಿ ಸುಮ್ಮನಾಗಬೇಡಿ. ಅವರ ಮಾತು ಅರ್ಧ ಮಾತ್ರ ಸರಿ ಇರಬಹುದು.

ನಷ್ಟ ಅಳೆಯುವ ಸರ್ವೇಯರ್ ಆಗಿ ಅಪಾರ್ಟ್‌ಮೆಂಟುಗಳಿಗೆ ಹೋದಾಗಲೆಲ್ಲ ನಾನು ನೋಡುವ ಗೊಂದಲ ಇದೇ. ಒಂದು ಕಟ್ಟಡದೊಳಗೆ ಮೂರು ಥರದ ಆಸ್ತಿ ಇರುತ್ತದೆ. ಲಿಫ್ಟು, ಮೆಟ್ಟಿಲು, ಸಂಪು, ಜನರೇಟರು, ಹೊರಗೋಡೆ, ತಾರಸಿ, ಇವು ಎಲ್ಲರಿಗೂ ಸೇರಿದವು. ನಿಮ್ಮ ಫ್ಲಾಟಿನ ಗೋಡೆ, ನೆಲ, ಬಾಗಿಲು, ಒಳಗಿನ ಪೈಪು ನಿಮ್ಮವು. ಆಮೇಲೆ ನೀವು ತಂದಿಟ್ಟ ಸಾಮಾನು. ಮೂರಕ್ಕೂ ಒಂದೇ ಪಾಲಿಸಿ ಸಾಕು ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. ಆ ಒಂದು ಪಾಲಿಸಿ ಇನ್ನೊಬ್ಬರು ಮಾಡಿಸಿದ್ದಾರೆ ಅಂತಲೂ ಅಂದುಕೊಂಡಿರುತ್ತಾರೆ.

ಅಸೋಸಿಯೇಷನ್ ಪಾಲಿಸಿಯಲ್ಲಿ ಏನು ನೋಡಬೇಕು

ಅಸೋಸಿಯೇಷನ್ ಪಾಲಿಸಿಯನ್ನು ಎರಡು ರೀತಿ ಬರೆಯುತ್ತಾರೆ. ಒಂದರಲ್ಲಿ ಎಲ್ಲ ಫ್ಲಾಟುಗಳೂ ಸೇರಿ ಇಡೀ ಕಟ್ಟಡ ಬರುತ್ತದೆ. ಇನ್ನೊಂದರಲ್ಲಿ ಕ್ಲಬ್‌ಹೌಸ್, ಲಿಫ್ಟು, ಪಂಪ್‌ರೂಮಿನಂಥ ಸಾಮಾನ್ಯ ಜಾಗ ಮಾತ್ರ. ಎರಡನ್ನೂ ಜನ ‘ಬಿಲ್ಡಿಂಗ್ ಇನ್ಶೂರೆನ್ಸ್’ ಅಂತಲೇ ಕರೆಯುತ್ತಾರೆ. ವ್ಯತ್ಯಾಸ ತಿಳಿಯುವುದು ಪಾಲಿಸಿಯ ಷೆಡ್ಯೂಲಿನಲ್ಲಿ, ಅಂದರೆ ಮೊದಲ ಒಂದೆರಡು ಪುಟದಲ್ಲಿ. ವಿಮೆ ಮಾಡಿದ ಆಸ್ತಿಯ ವಿವರ ಎಂಬ ಸಾಲು ಅಲ್ಲಿರುತ್ತದೆ. ಎಲ್ಲ ಬ್ಲಾಕು, ಎಲ್ಲ ಫ್ಲಾಟು ಅಂತ ಬರೆದಿದ್ದರೆ ನಿಮ್ಮ ಚಾವಣಿಯ ಗಾರೆ, ಗೋಡೆ, ಬಿಲ್ಡರ್ ಕೊಟ್ಟ ವೈರಿಂಗ್ ಅದರಲ್ಲಿ ಬರಬಹುದು. ಆಗ ನಿಮ್ಮ ನಷ್ಟದ ಒಂದು ಭಾಗಕ್ಕೆ ಅಸೋಸಿಯೇಷನ್ ಮೂಲಕ ಕ್ಲೇಮು ಹಾಕಿಸಲು ದಾರಿ ಇದೆ. ನೀವೇ ಆಮೇಲೆ ಮಾಡಿಸಿದ ಫಾಲ್ಸ್ ಸೀಲಿಂಗ್ ಮತ್ತು ಮರದ ಕೆಲಸ ಅದರಲ್ಲಿ ಬರುವುದು ಅನುಮಾನ.

ಪಾಲಿಸಿ ಕಾಪಿ ಕೇಳಲು ಹಿಂಜರಿಯಬೇಡಿ. ಮೇಂಟೆನೆನ್ಸ್ ದುಡ್ಡಿನಲ್ಲಿ ಅದರ ಪ್ರೀಮಿಯಂ ಕಟ್ಟಿದವರಲ್ಲಿ ನೀವೂ ಒಬ್ಬರು. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಲ್ಲೂ ವಿಮೆಯ ಮಾತಿದೆ. ಬೈಲಾ, ಅಂದರೆ ಅಸೋಸಿಯೇಷನ್‌ನ ನಿಯಮಾವಳಿ, ಹೇಳಿದರೆ ಅಥವಾ ಬಹುಪಾಲು ಮಾಲೀಕರು ಕೇಳಿದರೆ ಆಡಳಿತ ಮಂಡಳಿ ಇಡೀ ಆಸ್ತಿಗೆ ವಿಮೆ ಮಾಡಿಸಬೇಕು. ಆ ಪಾಲಿಸಿಯನ್ನು ಅದು ಎಲ್ಲ ಮಾಲೀಕರ ಪರವಾಗಿ, ಅವರವರ ಪಾಲಿನ ಪ್ರಕಾರ, ಟ್ರಸ್ಟಿಯಾಗಿ ಹಿಡಿದಿರುತ್ತದೆ. ಪ್ರೀಮಿಯಂ ಸಾಮಾನ್ಯ ಖರ್ಚು. ಜೊತೆಗೆ ಪ್ರತಿ ಮಾಲೀಕರಿಗೂ ತಮ್ಮ ಫ್ಲಾಟಿಗೆ ಬೇರೆ ವಿಮೆ ಮಾಡಿಸುವ ಹಕ್ಕು ಉಳಿದೇ ಇರುತ್ತದೆ ಅಂತ ಕಾಯ್ದೆಯೇ ಹೇಳುತ್ತದೆ. ‘ಅಸೋಸಿಯೇಷನ್ ಮಾಡಿಸಿದ ಮೇಲೆ ನೀವು ಮಾಡಿಸುವಂತಿಲ್ಲ’ ಎಂದು ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ.

ಕಾಪಿ ಸಿಕ್ಕಾಗ ಹೆಸರಿನ ಸಾಲನ್ನೂ ನೋಡಿ. ಹಸ್ತಾಂತರ ಆಗಿ ವರ್ಷಗಳಾದರೂ ಪಾಲಿಸಿ ಇನ್ನೂ ಬಿಲ್ಡರ್ ಹೆಸರಿನಲ್ಲೇ ನವೀಕರಣ ಆಗುತ್ತಿರುವ ಕಟ್ಟಡಗಳಿವೆ. ಬಿಲ್ಡರಿಗೆ ಆ ಕಟ್ಟಡದಲ್ಲಿ ಈಗ ಏನೂ ಉಳಿದಿಲ್ಲ ಅಂದಮೇಲೆ ಅವರಿಗೆ ನಷ್ಟ ಆಗುವುದು ಹೇಗೆ? ಕ್ಲೇಮು ಅಲ್ಲೇ ಕುಂಟುತ್ತದೆ.

ಇನ್ನು ಮೊತ್ತ. ಇದು ಬಹಳ ಜನರಿಗೆ ಗೊತ್ತಿಲ್ಲದ ವಿಷಯ. ಒಂದು ಕಟ್ಟಡವನ್ನು ಮತ್ತೆ ಕಟ್ಟಲು 60 ಕೋಟಿ ಬೇಕು ಅಂತಿಟ್ಟುಕೊಳ್ಳಿ. ಪ್ರೀಮಿಯಂ ಉಳಿಸಲು ಕಮಿಟಿ 30 ಕೋಟಿಗೆ ಮಾತ್ರ ವಿಮೆ ಮಾಡಿಸಿದೆ. ಎಲೆಕ್ಟ್ರಿಕಲ್ ರೂಮಿಗೆ ಬೆಂಕಿ ಬಿದ್ದು 40 ಲಕ್ಷ ನಷ್ಟವಾಯಿತು. ‘30 ಕೋಟಿ ಇದೆಯಲ್ಲ, 40 ಲಕ್ಷ ಯಾವ ಲೆಕ್ಕ’ ಅಂತ ಎಲ್ಲರಿಗೂ ಅನಿಸುತ್ತದೆ. ಆದರೆ ಕಟ್ಟಡಗಳಿಗೆ ಮಾಡಿಸುವ ಸಾಮಾನ್ಯ ಫೈರ್ ಪಾಲಿಸಿಯಲ್ಲಿ, ಅಂದರೆ ಬೆಂಕಿ ವಿಮೆಯಲ್ಲಿ, ಅರ್ಧಕ್ಕೆ ವಿಮೆ ಮಾಡಿಸಿದರೆ ನಷ್ಟದಲ್ಲೂ ಅರ್ಧ ನಿಮ್ಮದೇ. ಸರ್ವೇಯರ್ 20 ಲಕ್ಷಕ್ಕಷ್ಟೇ ಲೆಕ್ಕ ಹಾಕುತ್ತಾರೆ. ಅದರಲ್ಲೂ ಮೊದಲ ಒಂದಿಷ್ಟು ಮೊತ್ತವನ್ನು ನೀವೇ ಹೊರಬೇಕೆಂಬ ಷರತ್ತು ಕಳೆದು.

ಇನ್ನೊಂದು ಉಳಿತಾಯದ ಉಪಾಯವಿದೆ. ಬಿರುಗಾಳಿ, ಪ್ರವಾಹ, ನೀರು ನುಗ್ಗುವಿಕೆಯ ರಕ್ಷಣೆಯನ್ನು ಫೈರ್ ಪಾಲಿಸಿಯಿಂದ ತೆಗೆಸಿದರೆ ಪ್ರೀಮಿಯಂ ಇಳಿಯುತ್ತದೆ. ‘ನಮ್ಮದು ಎತ್ತರದ ಜಾಗ’ ಅಂತ ಕೆಲವು ಕಮಿಟಿಗಳು ತೆಗೆಸಿಬಿಡುತ್ತವೆ. 2022ರ ಸೆಪ್ಟೆಂಬರಿನಲ್ಲಿ ಹೊರ ವರ್ತುಲ ರಸ್ತೆ, ಸರ್ಜಾಪುರ ರಸ್ತೆ ಕಡೆ ಆದದ್ದನ್ನು ನೋಡಿದ್ದೀರಿ. 2024ರ ಅಕ್ಟೋಬರಿನಲ್ಲಿ ಯಲಹಂಕದ ಕೇಂದ್ರೀಯ ವಿಹಾರ ಅಪಾರ್ಟ್‌ಮೆಂಟಿಗೆ ನೀರು ನುಗ್ಗಿ ನಿವಾಸಿಗಳನ್ನು ದೋಣಿಯಲ್ಲಿ ಹೊರಗೆ ಕರೆತಂದರು. ಈ ಊರಿನಲ್ಲಿ ಆ ರಕ್ಷಣೆ ತೆಗೆಸುವುದು ನನ್ನ ಪ್ರಕಾರ ಮೂರ್ಖತನ.

ಲಿಫ್ಟಿಗೆ ಎಎಂಸಿ ಇದೆ, ಅದೇ ವಿಮೆ ಅಂತ ಅಂದುಕೊಳ್ಳುವವರೂ ಇದ್ದಾರೆ. ಎಎಂಸಿ ಬರೀ ನಿರ್ವಹಣೆಯ ಒಪ್ಪಂದ. ಲಿಫ್ಟಿನಲ್ಲಿ ಯಾರಿಗಾದರೂ ಪೆಟ್ಟಾದರೆ, ಹೊರಗೋಡೆಯ ಗಾರೆ ಉದುರಿ ಕೆಳಗೆ ಆಡುವ ಮಗುವಿಗೆ ಬಿದ್ದರೆ, ಪರಿಹಾರದ ಹೊರೆಗೆ ಸಾರ್ವಜನಿಕ ಹೊಣೆಯ ಪಾಲಿಸಿ ಬೇರೆ ಬೇಕು. ಜನರೇಟರ್, ಪಂಪಿನ ಮೋಟಾರು ತಾವಾಗಿಯೇ ಸುಟ್ಟರೆ ಫೈರ್ ಪಾಲಿಸಿ ಕೊಡುವುದಿಲ್ಲ. ಅದಕ್ಕೆ ಮೆಷಿನರಿ ಬ್ರೇಕ್‌ಡೌನ್ ಪಾಲಿಸಿ. ಆದರೆ ಶಾರ್ಟ್ ಸರ್ಕ್ಯೂಟಿನಿಂದ ಹೊತ್ತಿದ ಬೆಂಕಿ ಪಕ್ಕದ ವಸ್ತುಗಳಿಗೆ ಹಬ್ಬಿದರೆ ಹಬ್ಬಿದ ಭಾಗಕ್ಕೆ ಫೈರ್ ಪಾಲಿಸಿ ನಡೆಯುತ್ತದೆ. ಮೂಲ ಸುಟ್ಟ ಯಂತ್ರಕ್ಕೆ ಮಾತ್ರ ಇಲ್ಲ.

ಬ್ಯಾಂಕು ಹಿಡಿದ ದುಡ್ಡು

ಗೃಹ ಸಾಲದ ಜೊತೆ ಬರುವುದು ಹೆಚ್ಚಾಗಿ ಸಾಲ ಪಡೆದವರ ಜೀವಕ್ಕೆ ಸಂಬಂಧಿಸಿದ ವಿಮೆ. ಅವರು ತೀರಿಕೊಂಡರೆ ಉಳಿದ ಸಾಲ ತೀರುತ್ತದೆ. ಅದು ಬೇಡದ ವಿಮೆಯೇನೂ ಅಲ್ಲ, ಆದರೆ ಅದಕ್ಕೂ ಮನೆಯ ಗೋಡೆಗೂ ಸಂಬಂಧವಿಲ್ಲ. ಕೆಲವು ಸಲ ಮನೆಯ ಪಾಲಿಸಿಯೂ ಇರುತ್ತದೆ, ಆದರೆ ಕಟ್ಟಡಕ್ಕೆ ಮಾತ್ರ, ಅದೂ ಬ್ಯಾಂಕಿನ ಹಿತ ಕಾಯಲು. ಸಾಲದ ಕಡತದಲ್ಲಿ ಎರಡು ಪಾಲಿಸಿ ನಂಬರ್ ಇದೆಯಾ ಅಂತ ಬ್ಯಾಂಕಿಗೆ ಒಂದು ಇಮೇಲ್ ಹಾಕಿ ಕೇಳಿ. ಎರಡನೆಯದು ಇದ್ದು, ತಿಳಿಯದೆ ಬಿಟ್ಟುಬಿಟ್ಟವರು ಇದ್ದಾರೆ.

ಒಡೆದ ನೀರು, ಜಿನುಗಿದ ನೀರು

ನಿಮ್ಮಂಥ ಕ್ಲೇಮುಗಳಲ್ಲಿ ಜಗಳವೆಲ್ಲ ಇಲ್ಲೇ ಇರುವುದು. ನೀರಿನ ಟ್ಯಾಂಕು, ಪೈಪು ಒಡೆದು ಅಥವಾ ಉಕ್ಕಿ ಆದ ನಷ್ಟ ಮನೆ ಪಾಲಿಸಿಗಳಲ್ಲಿ ಬರುತ್ತದೆ. ತಿಂಗಳುಗಟ್ಟಲೆ ಜಿನುಗಿ ಆದದ್ದು ಬರುವುದಿಲ್ಲ. ಮೊದಲನೆಯದು ಅಪಘಾತ, ಎರಡನೆಯದು ಸವೆತ ಮತ್ತು ಅಸಡ್ಡೆ ಅಂತ ಕಂಪನಿಗಳ ವಾದ.

ಸರ್ವೇಯರ್ ಬಂದಾಗ ಏನು ನೋಡುತ್ತಾರೆ ಗೊತ್ತಾ? ಮೊದಲು ಚಾವಣಿಯ ಕಲೆ. ಒಂದೇ ಸಲ ಸುರಿದ ನೀರಿಗೆ ಒಂದೇ ಅಂಚಿನ ದೊಡ್ಡ ಕಲೆ ಇರುತ್ತದೆ, ಬಣ್ಣ ಗುಳ್ಳೆಯೆದ್ದು ಹಾಳೆಯ ಹಾಗೆ ಜೋತುಬಿದ್ದಿರುತ್ತದೆ. ಹಳೆಯ ಜಿನುಗಾದರೆ ಒಂದರೊಳಗೊಂದು ಕಂದು ಬಳೆಗಳು, ಗಾರೆಯ ಮೇಲೆ ಬಿಳಿ ಉಪ್ಪಿನ ಪುಡಿ, ಮೂಲೆಯಲ್ಲಿ ಕಪ್ಪು ಬೂಷ್ಟು. ವಾರ್ಡ್‌ರೋಬಿನ ಕೆಳಗಿನ ಹಲಗೆ ಹೊಸದಾಗಿ ಉಬ್ಬಿದ್ದರೆ ಅಂಚು ಬಿರಿದು ಒಳಗಿನ ಪುಡಿ ಹಸಿಯಾಗಿ, ತಿಳಿ ಬಣ್ಣದಲ್ಲೇ ಕಾಣುತ್ತದೆ. ಹಳೆಯದಾದರೆ ಅಲ್ಲಿ ಕಪ್ಪಾಗಿ ಕಮಟು ವಾಸನೆ ಬರುತ್ತದೆ, ಸ್ಕ್ರೂಗಳು ತುಕ್ಕು ಹಿಡಿದಿರುತ್ತವೆ. ಕೊನೆಗೆ ಕೇಳುವುದು ಒಡೆದ ಪೈಪಿನ ತುಂಡನ್ನು. ಗೀಸರಿಗೆ ಹಾಕುವ ಹೆಣೆದ ಕನೆಕ್ಷನ್ ಪೈಪು ನಟ್ಟಿನ ಹತ್ತಿರ ಸೀಳಿದ್ದರೆ, ಅದು ಒಡೆದ ನೀರೇ ಅಂತ ಅರ್ಧ ಸಾಬೀತಾದ ಹಾಗೆ. ಪ್ಲಂಬರ್ ಆ ತುಂಡನ್ನು ಕಸಕ್ಕೆ ಎಸೆದಿದ್ದರೆ ಬರೀ ಬಾಯಿ ಮಾತು ಉಳಿಯುತ್ತದೆ. ನಿಮ್ಮ ಮೇಲಿನ ಮನೆಯವರು ಅದನ್ನು ಇಟ್ಟುಕೊಂಡಿದ್ದಾರಾ ಅಂತ ಇವತ್ತೇ ಕೇಳಿ. ಪ್ಲಂಬರಿನ ಬಿಲ್ಲು, ಅವರ ವಾಟ್ಸಪ್ ಫೋಟೊ ಸಿಕ್ಕರೂ ಆಗುತ್ತದೆ.

ಬಾತ್‌ರೂಮಿನ ಟೈಲ್ಸ್ ಸಂದಿಯಿಂದ ಅಥವಾ ಹೊರಗೋಡೆಯ ಬಿರುಕಿನಿಂದ ಇಳಿಯುವ ತೇವಕ್ಕೆ ವಿಮೆಯನ್ನು ನಂಬಿ ಕೂರಬೇಡಿ. ಕೆಟ್ಟ ಕಾಮಗಾರಿ, ಹೊಸ ಕಟ್ಟಡ ಕೂರುವಾಗ ಬರುವ ಬಿರುಕು, ಇವು ಪಾಲಿಸಿಯ ಹೊರಗೆ. ಆದರೆ ಸ್ವಾಧೀನ ಕೊಟ್ಟು 5 ವರ್ಷ ಆಗಿಲ್ಲದಿದ್ದರೆ ರಿಯಲ್ ಎಸ್ಟೇಟ್ ನಿಯಂತ್ರಣಕ್ಕೆ ಬಂದ 2016ರ ರೇರಾ ಕಾಯ್ದೆ ನಿಮ್ಮ ಕಡೆಗಿದೆ. ಕಟ್ಟಡದ ರಚನೆಯ ದೋಷ, ಕಳಪೆ ಕೆಲಸವನ್ನು ತಿಳಿಸಿದ 30 ದಿನದೊಳಗೆ ಬಿಲ್ಡರ್ ತನ್ನ ಖರ್ಚಿನಲ್ಲೇ ಸರಿಪಡಿಸಬೇಕು.

ನಿಮ್ಮದೇ ಪಾಲಿಸಿ

2021ರ ಏಪ್ರಿಲ್ 1ರಿಂದ ಎಲ್ಲ ಸಾಮಾನ್ಯ ವಿಮಾ ಕಂಪನಿಗಳೂ ‘ಭಾರತ್ ಗೃಹ ರಕ್ಷಾ’ ಎಂಬ ಒಂದೇ ಮಾದರಿಯ ಪಾಲಿಸಿ ಮಾರಬೇಕು ಅಂತ ವಿಮಾ ನಿಯಂತ್ರಕರಾದ ಐಆರ್‌ಡಿಎಐ ಗೊತ್ತುಮಾಡಿತು. ಮನೆ ಮಾಲೀಕರಿಗೆ ಇದು ಒಳ್ಳೆಯ ಶುರು. ಬೆಂಕಿ, ಸಿಡಿಲು, ಭೂಕಂಪ, ಪ್ರವಾಹ, ಗಲಭೆ, ಪೈಪು ಒಡೆಯುವುದು, ಎಲ್ಲ ಒಳಗೇ ಇವೆ. ಬೇರೆಬೇರೆ ಕೇಳಿ ಸೇರಿಸಬೇಕಿಲ್ಲ. ಮನೆ ವಾಸಕ್ಕೆ ಬಾರದಂತಾದರೆ ಬೇರೆ ಮನೆಯ ಬಾಡಿಗೆಯೂ ಸಿಗುತ್ತದೆ. ಬಾಡಿಗೆಗೆ ಕೊಟ್ಟಿದ್ದರೆ ನಿಂತುಹೋದ ಬಾಡಿಗೆಗೂ ರಕ್ಷಣೆ ಇದೆ. ನಾನು ಮೇಲೆ ಹೇಳಿದ ಅರ್ಧಕ್ಕರ್ಧ ಕಡಿತವನ್ನು ಇದರಲ್ಲಿ ಕೈಬಿಟ್ಟಿದ್ದಾರೆ. ಮಾಹಿತಿ ಸರಿಯಾಗಿ ಕೊಟ್ಟಿರಬೇಕು, ಅಷ್ಟೆ.

ಮೊತ್ತ ಹಾಕುವಾಗ ಫ್ಲಾಟಿನ ಮಾರುಕಟ್ಟೆ ಬೆಲೆ ಬರೆಯಬೇಡಿ. ನಿಮ್ಮ ಮನೆ 95 ಲಕ್ಷಕ್ಕೆ ಮಾರಬಹುದು. ಅದರಲ್ಲಿ ದೊಡ್ಡ ಪಾಲು ಜಾಗದ್ದು, ಜಾಗ ಸುಡುವುದಿಲ್ಲ. ಇಲ್ಲಿ ಕಾರ್ಪೆಟ್ ಏರಿಯಾವನ್ನು ಈಗಿನ ಕಟ್ಟುವ ಖರ್ಚಿಗೆ ಗುಣಿಸುತ್ತಾರೆ. 850 ಚದರ ಅಡಿ, ಅಡಿಗೆ 3,000 ರೂಪಾಯಿ ಅಂತ ಹಿಡಿದರೆ 25.5 ಲಕ್ಷ. ಅದರ ಶೇ. 20ರಷ್ಟು, ಗರಿಷ್ಠ 10 ಲಕ್ಷದವರೆಗೆ, ಮನೆಯ ಸಾಮಾನಿಗೆ ತಾನಾಗಿಯೇ ಸಿಗುತ್ತದೆ. ಪಟ್ಟಿ ಕೊಡಬೇಕಿಲ್ಲ. ಅಂದರೆ ನಿಮಗೆ 5.1 ಲಕ್ಷ. ಈ ಸಲದ ನಿಮ್ಮ ಸಾಮಾನಿನ ನಷ್ಟ ಅದರೊಳಗೇ ಮುಗಿಯುತ್ತಿತ್ತು. ಪ್ರೀಮಿಯಂ ವರ್ಷಕ್ಕೆ ಕೆಲವು ಸಾವಿರದೊಳಗೇ ಇರುತ್ತದೆ. ತಿಂಗಳ ಮೇಂಟೆನೆನ್ಸಿಗಿಂತ ಕಡಿಮೆ ಆದರೂ ಆಶ್ಚರ್ಯವಿಲ್ಲ.

ಇಂಟೀರಿಯರಿಗೆ ಜಾಸ್ತಿ ಖರ್ಚು ಮಾಡಿದ್ದರೆ ಅದನ್ನು ಪಾಲಿಸಿಗೆ ಹಾಕುವ ಅರ್ಜಿಯಲ್ಲೇ ಬೇರೆಯಾಗಿ ಬರೆಸಿ. ಮಾಡ್ಯುಲರ್ ಅಡುಗೆಮನೆ ಕಟ್ಟಡದ ಭಾಗವೋ ಸಾಮಾನೋ ಎಂಬ ಚರ್ಚೆ ನಷ್ಟ ಆದಮೇಲೆ ಶುರುವಾದರೆ ನಿಮಗೆ ಅನುಕೂಲವಿಲ್ಲ. ಒಡವೆಗೆ ಬೇರೆ ಆಯ್ಕೆ ತೆಗೆದುಕೊಳ್ಳಬೇಕು, ಬೆಲೆಯನ್ನು ಮೊದಲೇ ಒಪ್ಪಿಕೊಂಡಿರಬೇಕು.

ಈಗ ಇದರ ಕುಂದು. ‘ಮನೆ ವಿಮೆ ಅಂದಮೇಲೆ ಕಳ್ಳತನ ಇದ್ದೇ ಇರುತ್ತೆ ಅಲ್ವಾ’ ಅಂತ ಕೇಳುತ್ತಾರೆ. ಇಲ್ಲ. ಮೂಲ ಪಾಲಿಸಿಯಲ್ಲಿ ಬೆಂಕಿ, ಪ್ರವಾಹದಂಥ ಅವಘಡ ಆದ 7 ದಿನದೊಳಗೆ, ಅದರ ಕಾರಣದಿಂದ ಆದ ಕಳ್ಳತನ ಮಾತ್ರ ಬರುತ್ತದೆ. ಊರಿಗೆ ಹೋದಾಗ ಬೀಗ ಒಡೆದರೆ ಬರುವುದಿಲ್ಲ. ಅದಕ್ಕೆ ಕನ್ನಗಳವಿನ ರಕ್ಷಣೆಯನ್ನು ಬೇರೆ ಸೇರಿಸಬೇಕು. ವೋಲ್ಟೇಜ್ ಏರಿಳಿತಕ್ಕೆ ಸುಟ್ಟ ಫ್ರಿಜ್ಜೂ ಇಲ್ಲ. ಬೇರೆಯವರಿಗೆ ನಿಮ್ಮಿಂದ ಆದ ನಷ್ಟವೂ ಇದರಲ್ಲಿ ಇಲ್ಲ. ನಾಳೆ ನಿಮ್ಮ ವಾಷಿಂಗ್ ಮೆಷಿನ್ ಪೈಪು ಕಳಚಿ ಎರಡನೇ ಮಹಡಿಯವರ ಮನೆ ನೆನೆದರೆ? ಮೂರನೇ ವ್ಯಕ್ತಿಯ ಹೊಣೆ ಸೇರಿರುವ ಪ್ಯಾಕೇಜ್ ಪಾಲಿಸಿ ಇದ್ದರೆ ಒಳ್ಳೆಯದು. ಪ್ಯಾಕೇಜಿನ ಅಪಾಯ ಏನೆಂದರೆ, ಹತ್ತು ವಿಭಾಗ ತೋರಿಸಿ ಪ್ರತಿಯೊಂದರಲ್ಲೂ ಮಿತಿ ಕಡಿಮೆ ಇಟ್ಟಿರುತ್ತಾರೆ. ಮಿತಿಗಳ ಕಾಲಂ ಓದದೆ ಕೊಳ್ಳಬೇಡಿ. ಮನೆ ಬಹಳ ದಿನ ಖಾಲಿ ಬಿಡುವವರು, ಮುಖ್ಯವಾಗಿ ವಿದೇಶದಲ್ಲಿದ್ದು ಇಲ್ಲಿ ಫ್ಲಾಟ್ ಇಟ್ಟವರು, ಅದರ ಬಗೆಗಿನ ಷರತ್ತನ್ನೂ ಓದಿ ಕಂಪನಿಗೆ ತಿಳಿಸಿರಬೇಕು.

ಅಸೋಸಿಯೇಷನ್ ಪಾಲಿಸಿಯಲ್ಲಿ ಫ್ಲಾಟುಗಳೂ ಸೇರಿದ್ದು, ಮೊತ್ತ ಸರಿ ಇದ್ದರೆ ನೀವು ಸಾಮಾನು ಮತ್ತು ಇಂಟೀರಿಯರಿಗೆ ಮಾತ್ರ ಮಾಡಿಸಿದರೂ ಸಾಕು. ಒಂದೇ ಗೋಡೆಗೆ ಎರಡು ಕಡೆ ವಿಮೆ ಇದ್ದರೂ ನಷ್ಟಕ್ಕಿಂತ ಹೆಚ್ಚು ಸಿಗುವುದಿಲ್ಲ. ಆದರೆ ಕಮಿಟಿ ಬದಲಾದಾಗ ನವೀಕರಣ ಮರೆಯುವುದು ಅಪರೂಪವೇನಲ್ಲ. ನನ್ನನ್ನು ಕೇಳಿದರೆ, ಪ್ರೀಮಿಯಂ ಇಷ್ಟು ಕಡಿಮೆ ಇರುವಾಗ ಕಟ್ಟಡದ ಭಾಗವನ್ನೂ ನಿಮ್ಮ ಹೆಸರಿನಲ್ಲಿ ಇಟ್ಟುಕೊಳ್ಳಿ. ಬಾಡಿಗೆಗೆ ಇರುವವರಾದರೆ ಸಾಮಾನಿಗೆ ಮಾತ್ರ ಮಾಡಿಸಬಹುದು.

ಕಾರು

ಬೇಸ್‌ಮೆಂಟಿನಲ್ಲಿ ನಿಂತ ಕಾರು ಬಿಲ್ಡಿಂಗ್ ಪಾಲಿಸಿಗೂ ಬರುವುದಿಲ್ಲ, ಮನೆ ಪಾಲಿಸಿಗೂ ಬರುವುದಿಲ್ಲ. ಕಾರಿನ ಕಾಂಪ್ರಹೆನ್ಸಿವ್ ಪಾಲಿಸಿಯೇ ಗತಿ. ಬರೀ ಥರ್ಡ್ ಪಾರ್ಟಿ ಇದ್ದವರಿಗೆ ಏನೂ ಇಲ್ಲ. ನೀರು ನಿಂತ ಕಾರನ್ನು ಸ್ಟಾರ್ಟ್ ಮಾಡಿದರೆ ನೀರು ಒಳಗೆ ಎಳೆದು ಎಂಜಿನ್ ಮುರಿಯುತ್ತದೆ. ಅದನ್ನು ನೀವೇ ಮಾಡಿಕೊಂಡ ನಷ್ಟ ಅಂತ ತಳ್ಳಿಹಾಕುತ್ತಾರೆ. ಎಂಜಿನ್ ರಕ್ಷಣೆಯ ಆಡ್-ಆನ್ ಇಲ್ಲದಿದ್ದರಂತೂ ವಾದಕ್ಕೂ ಜಾಗವಿಲ್ಲ. ಕೀಲಿ ಮುಟ್ಟದೆ ಟೋ ಮಾಡಿಸಿ.

ಈಗ ನಿಮ್ಮ 3 ಲಕ್ಷ

ಮೇಲಿನ ಮನೆಯವರಿಗೆ ಮನೆ ಪಾಲಿಸಿ ಇದೆಯಾ, ಅದರಲ್ಲಿ ಮೂರನೇ ವ್ಯಕ್ತಿಯ ಹೊಣೆ ಇದೆಯಾ ಅಂತ ಕೇಳಿ. ಇದ್ದರೆ ಅವರ ಕಂಪನಿಯೇ ನೋಡಿಕೊಳ್ಳುತ್ತದೆ, ನೆರೆಹೊರೆಯ ಮುಖ ಕೆಡುವುದಿಲ್ಲ. ಇಲ್ಲದಿದ್ದರೆ ಫೋಟೊ, ಬಿಲ್ಲು, ಮರದ ಕೆಲಸದವರ ಅಂದಾಜು ಸೇರಿಸಿ ಬರವಣಿಗೆಯಲ್ಲಿ ಕೇಳಿ, ಅಸೋಸಿಯೇಷನ್‌ಗೂ ಒಂದು ಪ್ರತಿ ಕೊಡಿ. ‘ಪೈಪು ಒಡೆದರೆ ನಾನೇನು ಮಾಡಲಿ’ ಎಂಬುದು ಪೂರ್ತಿ ಉತ್ತರವಲ್ಲ. ಅವರ ಮನೆಯೊಳಗಿನ ಪೈಪನ್ನು ನೋಡಿಕೊಳ್ಳುವುದು ಅವರ ಕೆಲಸ. ಆದರೆ ಅವರ ಅಸಡ್ಡೆಯನ್ನು ತೋರಿಸುವ ಹೊಣೆ ನಿಮ್ಮ ಮೇಲೆ ಬೀಳುತ್ತದೆ. ಹಳೆಯ ಪೈಪನ್ನು ಬದಲಿಸಿ ಅಂತ ಪ್ಲಂಬರ್ ಮೊದಲೇ ಹೇಳಿದ್ದರಾ, ಅವರೂ ಊರಿಗೆ ಹೋಗಿದ್ದರೆ ವಾಲ್ವ್ ಮುಚ್ಚಿದ್ದರಾ, ಸೆಕ್ಯುರಿಟಿ ಎಷ್ಟು ಹೊತ್ತಿಗೆ ಫೋನ್ ಮಾಡಿದರು, ಇಂಥವು ಇಲ್ಲಿ ಲೆಕ್ಕಕ್ಕೆ ಬರುತ್ತವೆ. ಗ್ರಾಹಕರ ಆಯೋಗ ಈ ಜಗಳಕ್ಕೆ ಅಲ್ಲ, ಅವರು ನಿಮಗೆ ಸೇವೆ ಮಾರಿದವರಲ್ಲ. ಸಿವಿಲ್ ಕೋರ್ಟಿಗೆ ಹೋಗಬಹುದು. 3 ಲಕ್ಷಕ್ಕೆ ಅಷ್ಟು ವರ್ಷ ಅಲೆಯುವುದು ಬೇಕಾ ಎಂಬುದನ್ನು ನೀವೇ ಯೋಚಿಸಿ. ಹಳೆಯ ವಸ್ತುವಿಗೆ ಹೊಸದರ ಬೆಲೆ ಕೇಳದೆ, ಸವೆತ ಕಳೆದು ಒಂದು ಮೊತ್ತಕ್ಕೆ ಬಂದರೆ ಕಮಿಟಿಯ ಮುಂದೆ ಇತ್ಯರ್ಥ ಆಗುವುದೇ ಹೆಚ್ಚು.

ಒಂದು ಎಚ್ಚರ. ಅಸೋಸಿಯೇಷನ್ ಪಾಲಿಸಿಯಲ್ಲಿ ಗೋಡೆ, ಚಾವಣಿಗೆ ಕ್ಲೇಮು ಸಾಧ್ಯ ಅಂತ ಗೊತ್ತಾದರೆ, ಅದಕ್ಕೆ ಮೊದಲು ಮೇಲಿನವರಿಗೆ ‘ಇನ್ನು ನಮಗೆ ಏನೂ ಬಾಕಿ ಇಲ್ಲ’ ಅಂತ ಬರೆದುಕೊಡಬೇಡಿ. ನಿಮಗೆ ಕೊಟ್ಟ ದುಡ್ಡನ್ನು ತಪ್ಪು ಮಾಡಿದವರಿಂದ ವಸೂಲಿ ಮಾಡುವ ಹಕ್ಕು ವಿಮಾ ಕಂಪನಿಗೆ ಇರುತ್ತದೆ. ನೀವು ಬಿಟ್ಟುಕೊಟ್ಟರೆ ಅದನ್ನೇ ನೆಪ ಮಾಡಿ ಕ್ಲೇಮು ತಡೆಯಬಹುದು. ತಿಂಗಳು ಕಳೆದಿರುವುದರಿಂದ ತಡವಾದದ್ದಕ್ಕೆ ಕಾರಣವನ್ನೂ ಕಮಿಟಿ ಪತ್ರದಲ್ಲಿ ಬರೆಯಲಿ.

ಮುಂದೆ ನಿಮ್ಮದೇ ಪಾಲಿಸಿಯಲ್ಲಿ ಕ್ಲೇಮು ತಿರಸ್ಕಾರ ಆದರೆ ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ವಿಮಾ ಒಂಬುಡ್ಸ್‌ಮನ್, ಅಂದರೆ ವಿಮೆಯ ದೂರುಗಳನ್ನು ತೀರ್ಮಾನಿಸುವ ಅಧಿಕಾರಿಯ ಹತ್ತಿರ ಹೋಗಬಹುದು. ಬೆಂಗಳೂರಿನಲ್ಲೇ ಕಚೇರಿ ಇದೆ. ಶುಲ್ಕವಿಲ್ಲ, ವಕೀಲರು ಬೇಕಿಲ್ಲ, 50 ಲಕ್ಷದವರೆಗಿನ ಪರಿಹಾರಕ್ಕೆ ಆದೇಶ ಕೊಡಬಹುದು.

ಹೊಸ ಪಾಲಿಸಿ ಕೊಳ್ಳುವ ಮುಂಚೆ ಈಗಿನ ರಿಪೇರಿ ಮುಗಿಸಿ, ಮುಗಿದ ಮೇಲಿನ ಫೋಟೊಗಳನ್ನು ದಿನಾಂಕ ಸಹಿತ ಇಟ್ಟುಕೊಳ್ಳಿ. ಇಲ್ಲದಿದ್ದರೆ ಮುಂದಿನ ಸಲ ಬರುವ ಸರ್ವೇಯರ್ ಈಗಿನ ಕಲೆಯನ್ನು ತೋರಿಸಿ ‘ಇದು ಹಳೆಯದು’ ಎನ್ನುತ್ತಾರೆ. ಚಾವಣಿ ಪೂರ್ತಿ ಒಣಗುವವರೆಗೆ ಹೊಸ ಫಾಲ್ಸ್ ಸೀಲಿಂಗ್ ಕಟ್ಟಿಸಬೇಡಿ. ಮೇಲೆ ಎಷ್ಟೇ ನೀಟಾಗಿ ಬಣ್ಣ ಹೊಡೆಸಿದರೂ ಒಳಗಿನ ತೇವ ಕಂದು ಬಳೆಯಾಗಿ ಹೊರಗೆ ಬಂದೇ ಬರುತ್ತದೆ.